ಏಳನೇ ನಂಬರ್ ಗಾಡಿಯ ಗುಣ

ತೋಂಟದಾರ್ಯನ ಲಗೇಜ್ ಆಟೊಗೆ ಆ ಪೆಟ್ಟಿಗೆ ಕೊಟ್ಟದ್ದೇ ತಪ್ಪಾಯಿತು ನೋಡಿ. ಹೊನ್ನವಳ್ಳಿ ಸುತ್ತಲಿನ ತೆಂಗು ಬೆಳೆಗಾರರ ಸಂಘದವರು ಕಾಯಿ ಸಾಗಿಸುವ ಗಾಡಿಗಳಿಗೆಲ್ಲ ಬೆಂಕಿಪೊಟ್ಟಣದಷ್ಟು ಗಾತ್ರದ ಬ್ಯಾಟರಿ ಪೆಟ್ಟಿಗೆ ಹಂಚಿದ್ದರು. ಗಾಡಿ ಎಲ್ಲಿದೆ, ಎಷ್ಟು ವೇಗ, ಎಲ್ಲಿ ನಿಂತಿತು ಎಂಬುದೆಲ್ಲ ಕ್ಲೌಡಿಗೆ ಹೋಗಿ, ಅಲ್ಲಿಂದ ಸಂಘದ ಸದಸ್ಯರೆಲ್ಲರ ಮೊಬೈಲಿಗೆ ಇಳಿಯುತ್ತಿತ್ತು. ಒಂದು ಗಾಡಿಗೆ ಆಪತ್ತಾದರೆ ಉಳಿದ ಗಾಡಿಗಳಿಗೆ ತಾನೇ ಸುದ್ದಿ ಹೋಗುವ ಏರ್ಪಾಡೂ ಇತ್ತು. ನಮ್ಮವನದು ಏಳನೇ ನಂಬರು.

ಮೊದಲ ದಿನವೇ ಜೊತೆಯ ಡ್ರೈವರ್ ಜ್ಞಾನೇಶ ಫೋನ್ ಮಾಡಿದ. "ಲೇ, ಮೂರನೇ ಸಲ ಬೋಂಡಾ ಅಂಗಡಿ ಮುಂದೆ ನಿಂತಿದೀಯಲ್ಲಲಾ! ಹೊಟ್ಟೆನಾ ಅದು, ತಿಪ್ಪೆಗುಂಡಿನಾ?"

"ಥೂ, ಇದರ ಮನೆ ಹಾಳಾಗ!" ಎಂದ ತೋಂಟದಾರ್ಯ ಸಂಜೆಯೇ ಪೆಟ್ಟಿಗೆಯನ್ನು ಕಿತ್ತು, ಮನೆಯ ಹಸುವಿನ ಕುತ್ತಿಗೆಯ ಗಂಟೆ ಪಕ್ಕ ಕಟ್ಟಿಬಿಟ್ಟ. ಬಾಡಿಗೆ ಹೇಗೂ ಗೊತ್ತಿದ್ದವರಿಂದಲೇ ಬರುತ್ತಿತ್ತು. ತಿಂಗಳಾದರೂ ಯಾರೂ ಕೇಳಲಿಲ್ಲ.

ಅವನ ನಿಜವಾದ ಚಿಂತೆ ಮದುವೆಯದು. ವಯಸ್ಸು ಮೂವತ್ತನಾಲ್ಕು. ಏಳು ಹೆಣ್ಣು ತಪ್ಪಿದ್ದವು. ಗಂಡಿನ ಗುಣ ವಿಚಾರಿಸಲು ಹೆಣ್ಣಿನ ಕಡೆಯವರು ಊರಿಗೆ ಬರುವುದು, ಅರಳಿಕಟ್ಟೆಯ ಮಹಾನುಭಾವರು "ಹುಡುಗ ಚಿನ್ನ ಕಣ್ರೀ, ಆದ್ರೆ..." ಅನ್ನುವುದು, ಆ 'ಆದ್ರೆ'ಗೆ ಅವರು ಬಂದ ಬಸ್ಸಿನಲ್ಲೇ ವಾಪಸಾಗುವುದು. ಎಂಟನೆಯದಾದ ಅರಳಗುಪ್ಪೆಯ ಕೊಬ್ಬರಿ ವ್ಯಾಪಾರಿ ಹಾಲಸ್ವಾಮಿ ಮಾತ್ರ ಊರಿಗೆ ಬಂದು ಯಾರನ್ನೂ ವಿಚಾರಿಸಲಿಲ್ಲ. ನೇರವಾಗಿ ಹೆಣ್ಣು ನೋಡಲು ಕರೆದರು.

ಇದಾದರೂ ಕೂಡಿಬರಲಿ ಎಂದು ದೇವರಿಗೆಲ್ಲ ಕೈಮುಗಿದು, ತೋಂಟದಾರ್ಯ ತಾಯಿ ಗಿರಿಜಮ್ಮನನ್ನು ಆಟೊದಲ್ಲಿ ಕೂರಿಸಿಕೊಂಡು ಹೊರಟ. ಅಲ್ಲಿ ಉಪ್ಪಿಟ್ಟು, ಕೇಸರಿಬಾತು ಬಂದವು. ಹುಡುಗಿ ಜೀವಿತಾ ಕಾಫಿ ಕೊಟ್ಟು ಸಣ್ಣಗೆ ನಕ್ಕಳು.

ಹಾಲಸ್ವಾಮಿ ಮೊಬೈಲ್ ತೆಗೆದರು. "ನಾನೂ ಸಂಘದ ಸದಸ್ಯನೇ ಕಣಪ್ಪ. ಜನರ ಮಾತು ನಂಬೋನಲ್ಲ. ಒಂದು ತಿಂಗಳಿಂದ ನಿಮ್ಮ ಗಾಡಿ ನೋಡ್ತಾ ಇದೀನಿ."

ತೋಂಟದಾರ್ಯ ತಲೆ ಬಗ್ಗಿಸಿ ಉಪ್ಪಿಟ್ಟಿನಲ್ಲಿ ಕರಿಬೇವು ಹುಡುಕತೊಡಗಿದ.

"ಎಂಥಾ ನಿಧಾನಸ್ಥರು ರೀ! ಗಂಟೆಗೆ ನಾಲ್ಕು ಕಿಲೋಮೀಟರ್ ದಾಟಿಲ್ಲ. ಬಾರ್ ಕಡೆ ತಲೆ ಹಾಕಿಲ್ಲ. ಮಧ್ಯಾಹ್ನ ತೋಟದ ನೆರಳಲ್ಲಿ ವಿಶ್ರಾಂತಿ, ಸಂಜೆ ಆರಕ್ಕೆ ಸರಿಯಾಗಿ ಮನೆ. ಈ ಕಾಲದಲ್ಲಿ ಇಂಥ ಗುಣ ಎಲ್ಲೈತೆ?"

"ಚಿಕ್ಕಂದಿನಿಂದಲೂ ಹಂಗೇ ಕಣ್ರಣ್ಣಾ," ಎಂದರು ಗಿರಿಜಮ್ಮ, ಏನೂ ಅರಿಯದೆ.

ಅಷ್ಟರಲ್ಲಿ ಹಾಲಸ್ವಾಮಿಯ ಮೊಬೈಲ್ ಕಿರುಚಿಕೊಂಡಿತು. ಏಳನೇ ನಂಬರ್ ಗಾಡಿ ಹೊನ್ನವಳ್ಳಿ ಕೆರೆಯೊಳಗಿದೆಯಂತೆ! ಅವರು ಕಿಟಕಿಯಿಂದ ಇಣುಕಿದರು. ಆಟೊ ಬಾಗಿಲಲ್ಲೇ ನಿಂತಿತ್ತು.

"ಇಲ್ಲೇ ಐತಲ್ರೀ!"

"ಅದು... ನೆಟ್‌ವರ್ಕ್ ಸರಿ ಇಲ್ಲ ಮಾವ," ಎಂದ ತೋಂಟದಾರ್ಯ ಬೆವರೊರೆಸಿಕೊಂಡು.

ಈಗ ಗಿರಿಜಮ್ಮನ ಫೋನು ಹೊಡೆದುಕೊಂಡಿತು. ಆ ತಾಯಿಗೆ ಫೋನ್ ಕಿವಿಗಿಟ್ಟು ಅಭ್ಯಾಸವಿಲ್ಲ, ಯಾವಾಗಲೂ ಸ್ಪೀಕರ್. ಜ್ಞಾನೇಶನ ಗೋಳು ಹಜಾರವನ್ನೆಲ್ಲ ತುಂಬಿತು. "ಅಮ್ಮೋ, ನಿಮ್ಮ ಮಗ ಗಾಡಿ ಸಮೇತ ಕೆರೆಗೆ ಹೋಗವ್ನೆ! ಹನ್ನೊಂದು ಗಾಡಿಯೋರು ಹಗ್ಗ ತಂದಿದೀವಿ, ಇಬ್ಬರು ನೀರಿಗೆ ಇಳಿದವ್ರೆ!"

"ನನ್ನ ಮಗ ಇಲ್ಲೇ ಉಪ್ಪಿಟ್ಟು ತಿಂತಾವ್ನಲ್ಲೋ!"

ಆ ಕಡೆ ಗದ್ದಲ, ಆಮೇಲೆ ನಗೆ, ಕೆರೆಯಿಂದ ಯಾರದೋ ಕೂಗು. "ಲೇ, ಗಾಡಿ ಅಲ್ಲ ಕಣ್ಲಾ, ಹಸು! ಗೂಟ ಕಿತ್ಕೊಂಡು ಬಂದು ಈಜಾಡ್ತೈತೆ! ಪೆಟ್ಟಿಗೆ ಇದರ ಕುತ್ತಿಗೇಲೈತೆ!"

ತೋಂಟದಾರ್ಯನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಹಾಲಸ್ವಾಮಿ ಅವನನ್ನೊಮ್ಮೆ, ಮೊಬೈಲನ್ನೊಮ್ಮೆ ನೋಡಿದರು. ಜೀವಿತಾ ಅಪ್ಪನ ಕಿವಿಯಲ್ಲಿ ಏನೋ ಉಸುರಿದಳು. ಅವರು ಗಿರಿಜಮ್ಮನನ್ನು ಒಳಗೆ ಕರೆದೊಯ್ದರು.

ಹತ್ತು ನಿಮಿಷಕ್ಕೆ ಗಿರಿಜಮ್ಮ ಮುಖ ಅರಳಿಸಿಕೊಂಡು ಹೊರಬಂದರು. "ಒಪ್ಕಂಡ್ರು ಕಣೋ! ಹುಡುಗಿಗೂ ತುಂಬಾ ಹಿಡಿಸೈತಂತೆ."

ತೋಂಟದಾರ್ಯನ ಕಣ್ಣಲ್ಲಿ ನೀರೇ ಬಂತು. ಗಡಬಡಿಸಿ ತಲೆಗೂದಲು ತಿದ್ದಿಕೊಂಡ.

"ಒಳ್ಳೆ ರೇಟೂ ಹೇಳವ್ರೆ. ಇವತ್ತೇ ತಂದು ಬುಟ್ಟುಬುಡಿ ಅಂದ್ರು."

"ಇವತ್ತೇನಾ? ಮದ್ವೆ ಮಾಡ್ದೇನೇ?"

"ಹಸೂಗೆ ಎಂಥಾ ಮದ್ವೆನೋ?"