ಸಲಿಕೆ ಹಿಡಿದ ಏಳನೆಯವನು

ಎಪ್ಪತ್ತೈದು ವರ್ಷದಿಂದ ಆ ಫೋಟೋದಲ್ಲಿ ಎಷ್ಟು ಜನರಿದ್ದಾರೆಂದು ಯಾರೂ ಎಣಿಸಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಎಂಟು ಗಂಟೆಗೆ ಹೆಸ್ಸೆಲ್ ಟರ್ಪ್‌ಸ್ಟ್ರಾ ಎಣಿಸಿದ. ಅಲ್ಲಿಗೆ ಅವನ ಗ್ರಹಚಾರ ಶುರುವಾಯಿತು.

ಫೋಟೋ ಇದ್ದದ್ದು ನ್ಯೂ ಡೊಕ್ಕುಮ್ ಕ್ರಿಶ್ಚಿಯನ್ ಶಾಲೆಯ ಕಾರಿಡಾರಿನಲ್ಲಿ, ಕುಡಿಯುವ ನೀರಿನ ನಲ್ಲಿಯ ಮೇಲೆ. ಕರಿ ಕೋಟು, ಕರಿ ಟೋಪಿ, ನಗುವಿನ ಸುಳಿವೂ ಇಲ್ಲದ ಮುಖ. ಖಾಲಿ ಹೊಲದಲ್ಲಿ ಸಾಲಾಗಿ ನಿಂತ ಶಾಲೆಯ ಸ್ಥಾಪಕರು. ನಟ್ಟ ನಡುವೆ ಇದ್ದವನ ಕೈಯಲ್ಲಿ ಸಲಿಕೆ. ಕೆಳಗೆ ಆರು ಹೆಸರು. ಮೇಲೆ ಏಳು ಜನ.

ಹೆಸ್ಸೆಲ್ ಇತಿಹಾಸದ ಮೇಷ್ಟ್ರು. ಅಮೃತ ಮಹೋತ್ಸವಕ್ಕೆ ಶಾಲೆಯ ಚರಿತ್ರೆ ಬರೆಯುವ ಕೆಲಸ ಅವನ ತಲೆಗೆ ಬಿದ್ದಿತ್ತು. ಅದಕ್ಕೆ ಅವನು ಒಪ್ಪಿಕೊಂಡದ್ದು ಇತಿಹಾಸದ ಮೇಲಿನ ಪ್ರೀತಿಯಿಂದಲ್ಲ, ಬಸ್ಸಿನ ಮೇಲಿನ ದ್ವೇಷದಿಂದ. ಸಣ್ಣ ಶಾಲೆಯಲ್ಲಿ ಮೇಷ್ಟ್ರಾದವನು ಒಂದೇ ಕೆಲಸ ಮಾಡಿ ಮುಗಿಸುವ ಹಾಗಿಲ್ಲ. ಹನ್ನೊಂದು ವರ್ಷದಿಂದ ಮೂರನೇ ನಂಬರಿನ ಬಸ್ಸು ಅವನ ಪಾಲು. ಮಿಷಿಗನ್ನಿನ ಜನವರಿಯಲ್ಲಿ ಐದು ಗಂಟೆಗೆ ಎದ್ದು, ಗಾಜಿನ ಮೇಲಿನ ಹಿಮ ಕೆರೆದು, ಒದ್ದರೆ ಮಾತ್ರ ಮುಚ್ಚಿಕೊಳ್ಳುವ ಬಾಗಿಲನ್ನು ಒದ್ದು, ಮೂವತ್ತೆರಡು ಮಕ್ಕಳು ನೋಹನ ನಾವೆಯ ಹಾಡನ್ನು ಒಂದೇ ಸಮ ಕಿರುಚುವುದನ್ನು ಕೇಳುತ್ತ ಹದಿನೆಂಟು ಮೈಲಿ ಹೋಗಬೇಕು. "ಚರಿತ್ರೆ ಮುಗಿಸಿಕೊಡಿ ಹೆಸ್ಸೆಲ್, ಸೋಮವಾರದಿಂದ ಬೇರೆ ಡ್ರೈವರ್ ಬರ್ತಾನೆ," ಎಂದು ಪ್ರಿನ್ಸಿಪಾಲ್ ಬೌಸ್ಮಾ ಮಾತು ಕೊಟ್ಟಿದ್ದರು. ಆ ಮಾತಿನ ಬಲದಲ್ಲೇ ಹೆಸ್ಸೆಲ್ ನಲವತ್ತು ಪುಟ ಬರೆದಿದ್ದ. ಹತ್ತೊಂಬತ್ತು ಮಕ್ಕಳು, ಒಬ್ಬ ಟೀಚರು, ಚರ್ಚಿನ ನೆಲಮಾಳಿಗೆ, ಹೊಗೆಯುಗುಳುವ ಒಂದು ಒಲೆ, ಎಲ್ಲವೂ ಬಂದಿತ್ತು. ಉಳಿದದ್ದು ಮೊದಲ ಪುಟದ ಫೋಟೋಕ್ಕೆ ಒಂದು ಸಾಲು ಮಾತ್ರ.

ಎಣಿಸಿದ್ದು ಮೊದಲ ತಪ್ಪು. ಅದನ್ನು ಆಫೀಸಿನ ವಿಲ್ಮಾಗೆ ಹೇಳಿದ್ದು ಎರಡನೆಯದು.

"ಏಳಾ? ಸರಿಯಾಗಿ ಎಣಿಸಿದ್ರಾ ಮೇಷ್ಟ್ರೆ?" ಎಂದು ಕೇಳುವಾಗಲೇ ಅವಳ ಕೈ ಫೋನಿನ ಮೇಲಿತ್ತು.

ಪ್ರಿನ್ಸಿಪಾಲರು ಓಡಿಬಂದು ತಾವೂ ಎಣಿಸಿದರು. ಕನ್ನಡಕ ಒರೆಸಿಕೊಂಡು ಮತ್ತೆ ಎಣಿಸಿದರು. ಮುಖ ಬಿಳಿಚಿತು.

"ಹೆಸ್ಸೆಲ್, ಇವತ್ತು ಸಂಜೆ ಹೊಸ ಜಿಮ್ಮಿಗೆ ಮೊದಲ ಸಲಿಕೆ ಮಣ್ಣು ತೆಗೆಯೋದು, ಫೋಟೋದಲ್ಲಿ ಸಲಿಕೆ ಹಿಡಿದವನ ಮನೆತನದವರು ಅಂತ ಆಡಳಿತ ಮಂಡಳಿ ತೀರ್ಮಾನ ಮಾಡಿಬಿಟ್ಟಿದೆ!"

"ಅವನು ಯಾರು ಅಂತ ಅಂದ್ಕೊಂಡಿದ್ರು ಸಾರ್?"

"ಮಂಡಳೀಲಿ ಆರು ಜನ. ಆರೂ ಜನ ತಂತಮ್ಮ ಅಜ್ಜ ಅಂದ್ಕೊಂಡೇ ಕೈ ಎತ್ತಿದ್ದಾರೆ. ಅದಕ್ಕೇ ಒಮ್ಮತ ಬಂತು." ಬೌಸ್ಮಾ ಹಣೆ ಒರೆಸಿಕೊಂಡರು. "ಪ್ರಭುಭೋಜನದಲ್ಲಿ ದ್ರಾಕ್ಷಾರಸ ಕೊಡೋ ಬಟ್ಟಲು ದೊಡ್ಡದಿರಬೇಕೋ ಸಣ್ಣದಿರಬೇಕೋ ಅಂತ ಚರ್ಚನ್ನೇ ಎರಡು ಮಾಡ್ಕೊಂಡ ಡಚ್ಚರ ಊರು ಇದು. ಸಂಜೆ ಆರರೊಳಗೆ ಅವನು ಯಾರು ಅಂತ ಹುಡುಕಿಬಿಡಿ. ಇಲ್ಲಾಂದ್ರೆ ಬಸ್ಸಿನ ಮಾತು ಮರೆತುಬಿಡಿ."

ಹೆಸ್ಸೆಲ್ ಫೋಟೋವನ್ನು ಗೋಡೆಯಿಂದ ಇಳಿಸಿ ಕ್ಲಾಸಿಗೆ ತಂದಿದ್ದ. ಎರಡನೇ ಪೀರಿಯಡ್ಡಿಗೆ ಗ್ರೀಟ್ ಪೋಸ್ಟುಮಾ ಬಂದಳು, ಒಂದು ಕೈಯಲ್ಲಿ ಸೇಬಿನ ಪೈ, ಇನ್ನೊಂದು ಕೈಯಲ್ಲಿ ಗಂಡ.

"ಮೇಷ್ಟ್ರೆ, ಸಲಿಕೆ ಹಿಡಿದಿರೋರು ನಮ್ಮ ಯಜಮಾನ್ರ ಅಜ್ಜ. ಸಂಶಯವೇ ಬೇಡ. ಕಿವಿ ನೋಡಿ! ರೀ, ತಿರುಗ್ರೀ. ಆ ಕಡೆ ಅಲ್ಲ, ಈ ಕಡೆ."

ಯಜಮಾನರು ತಿರುಗಿದರು. ಅವರ ಕಿವಿಗಳು ಬಾಗಿಲು ತೆರೆದಿಟ್ಟ ಕಾರಿನಂತಿದ್ದವು. ಮಕ್ಕಳು ಇತಿಹಾಸದ ಪಾಠದಲ್ಲಿ ಎಂದೂ ತೋರಿಸದ ಆಸಕ್ತಿಯಿಂದ ಮುಂದಕ್ಕೆ ಬಂದು ನೋಡಿದರು.

"ಕಿವಿ ಯಾರಿಗಿಲ್ಲ?" ಎಂದು ಬಾಗಿಲಲ್ಲಿ ಗುಡುಗು ಕೇಳಿಸಿತು. ಸೆಲರಿ ಸೊಪ್ಪು ಬೆಳೆಯುವ ಸಿಟ್ಸೆ ಜಾಗರ್ ಒಳಗೆ ಬಂದ. ಹೆಗಲ ಮೇಲೆ ತುಕ್ಕು ಹಿಡಿದ ಸಲಿಕೆ. "ನಮ್ಮಜ್ಜನ ಸಲಿಕೆ ಕಣ್ರೀ! ಫೋಟೋದಲ್ಲಿರೋದು ಇದೇ. ಕೊಟ್ಟಿಗೇಲಿ ಇಟ್ಟಿದ್ವಿ. ಹಿಡಿ ನೋಡಿ, ಹಿಡಿ!"

ಅವನ ಬೆನ್ನಿಗೇ ಮಂಡಳಿಯ ಅಧ್ಯಕ್ಷ ಹಾರ್ಮ್ ವೆಲ್ಡ್‌ಕಾಂಪ್ ಬಂದ. ಅವನ ಹೆಗಲ ಮೇಲೂ ಒಂದು ಸಲಿಕೆ. ಅದನ್ನು ಕಂಡ ಗ್ರೀಟ್ ಪೈ ಕೆಳಗಿಟ್ಟು, "ರೀ, ಓಡ್ರೀ, ಮನೆಯಿಂದ ನಮ್ಮ ಸಲಿಕೆ ತನ್ರೀ," ಎಂದು ಗಂಡನನ್ನು ಅಟ್ಟಿದಳು. ಹತ್ತು ನಿಮಿಷದಲ್ಲಿ ಕರಿಹಲಗೆಗೆ ಮೂರು ಸಲಿಕೆಗಳು ಒರಗಿ ನಿಂತವು. ಮೂರನೆಯದಕ್ಕೆ ಅಂಗಡಿಯ ಚೀಟಿಯನ್ನು ಇನ್ನೂ ಕಿತ್ತಿರಲಿಲ್ಲ.

"ನೋಡಿ ಹೆಸ್ಸೆಲ್," ಎಂದು ವೆಲ್ಡ್‌ಕಾಂಪ್ ಮೆಲ್ಲನೆ ಹೇಳಿದ, "ಜಿಮ್ಮಿನ ಇಟ್ಟಿಗೆಯೆಲ್ಲಾ ನಮ್ಮ ಭಟ್ಟಿಯಿಂದ ಬರ್ತಾ ಇರೋದು. ಬೇರೆಯವರ ಅಜ್ಜನ ಹೆಸರು ಬಿತ್ತು ಅಂದ್ರೆ ಇಟ್ಟಿಗೆ ದಾರಿ ತಪ್ಪಬಹುದು."

"ಇಟ್ಟಿಗೆ ತೋರಿಸಿ ಹೆದರಿಸ್ತೀಯಾ? ನಿಮ್ಮಜ್ಜ ಜೀವಮಾನದಲ್ಲೇ ಸಲಿಕೆ ಮುಟ್ಟಿಲ್ಲ!" ಎಂದು ಸಿಟ್ಸೆ ಅರಚಿದ.

"ನಿಮ್ಮಜ್ಜ ಮುಟ್ಟಿದ್ದ ಬಿಡು, ನಮ್ಮ ಬೇಲಿ ಕೀಳೋದಕ್ಕೆ!"

ಹೆಸ್ಸೆಲ್ ಫೋಟೋವನ್ನು ಕಂಕುಳಲ್ಲಿ ಇಟ್ಟುಕೊಂಡು ಹಿಂದಿನ ಬಾಗಿಲಿಂದ ಜಾರಿದ. ಯಾರ ಹೆಸರು ಬರೆದರೂ ಉಳಿದ ಐದು ಮನೆಯವರು ತನ್ನನ್ನು ಹರಿದು ಮುಕ್ಕುತ್ತಾರೆ. ಬರೆಯದಿದ್ದರೆ ಜನವರಿಯ ಹಿಮ ಕಾದಿದೆ. ಶಾಲೆ ಶುರುವಾದ ವರ್ಷ ಓದಿದ ಯಾರನ್ನಾದರೂ ಕೇಳೋಣವೆಂದರೆ, ಆ ಹತ್ತೊಂಬತ್ತು ಮಕ್ಕಳಲ್ಲಿ ಅರ್ಧ ಮಂದಿ ಸ್ವರ್ಗಕ್ಕೂ ಮಿಕ್ಕವರು ಮುಪ್ಪಿಗೆ ಬಿಸಿಲು ಕಾಯಲು ಫ್ಲಾರಿಡಾಕ್ಕೂ ಹೋಗಿಬಿಟ್ಟಿದ್ದರು. ಊರಲ್ಲಿ ಉಳಿದವಳು ವೃದ್ಧಾಶ್ರಮದ ಫೆಮ್ಮಿ ಅಜ್ಜಿ ಒಬ್ಬಳೇ.

ಅವನ ಕಾರಿಗೆ ಮೂರು ಮನೆಯವರ ವಾಹನಗಳು ಅಡ್ಡ ನಿಂತಿದ್ದವು. ಬೇರೆ ದಾರಿ ಕಾಣದೆ ಮೂರನೇ ನಂಬರಿನ ಬಸ್ಸನ್ನೇ ಹತ್ತಿ, ಬಾಗಿಲು ಒದ್ದು ಹೊರಟ.

ಎಂಬತ್ತೆರಡರ ಫೆಮ್ಮಿ ಅಜ್ಜಿ ಬಾಯಲ್ಲಿದ್ದ ಪೆಪ್ಪರ್‌ಮಿಂಟನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ ಫೋಟೋ ನೋಡಿದಳು. ನೋಡಿದ್ದೇ ಕಿಲಕಿಲ ನಕ್ಕಳು.

"ಅಯ್ಯೋ, ಇವನಾ! ಇವನು ಓಲೆ ಕಣೋ! ನಮ್ಮ ಡ್ರೈವರ್ರು!"

"ಡ್ರೈವರ್ರಾ?"

"ಹೂಂ ಮಗಾ. ಹಾಲಿನ ಲಾರಿಗೆ ಹಲಗೆ ಹಾಕಿ ನಮ್ಮನ್ನ ಕರ್ಕೊಂಡು ಬರ್ತಿದ್ದ. ಕ್ಯಾನು ಒಂದು ಕಡೆ, ನಾವೊಂದು ಕಡೆ. ನಮ್ಮ ಡಚ್ಚರವನೂ ಅಲ್ಲ, ನಾರ್ವೆಯವನು. ನಮ್ಮ ಚರ್ಚಿನವನೂ ಅಲ್ಲ."

"ಮತ್ತೆ ಸಲಿಕೆ ಅವನ ಕೈಗೆ ಹ್ಯಾಗೆ ಬಂತು ಅಜ್ಜಿ?"

"ಈ ಆರು ಮಹಾನುಭಾವರು ಇದ್ರಲ್ಲ, ನಾನು ಮೊದಲು ಅಗೀತೀನಿ, ನಾನು ಮೊದಲು ಅಗೀತೀನಿ ಅಂತ ಎರಡು ಗಂಟೆ ಜಗಳ ಆಡಿದ್ರು. ನಾವು ಹಸ್ಕೊಂಡು ಲಾರೀಲಿ ಕೂತಿದ್ವಿ. ಓಲೆಗೆ ರೇಗಿಹೋಯ್ತು. ಇಳಿದು ಬಂದ, ಸಲಿಕೆ ಕಿತ್ಕೊಂಡ, 'ನಿಮ್ಮ ಜಗಳ ಮುಗಿಯೋದ್ರೊಳಗೆ ನನ್ನ ಹಾಲು ಒಡೆದುಹೋಗತ್ತೆ' ಅಂದು ಅಗೆದೇಬಿಟ್ಟ. ಟಪ್ ಅಂತ ಫೋಟೋ ತೆಗೆದ್ರು!"

"ಹೆಸರು ಯಾಕೆ ಬರೀಲಿಲ್ಲ ಮತ್ತೆ?"

"ಯಾಕೆ ಬರೀಬೇಕೋ? ದಿನಾ ನೋಡೋ ಡ್ರೈವರ್ರು. ಎಲ್ಲರಿಗೂ ಗೊತ್ತಿದ್ದೋನೇ ಅಲ್ವಾ?"

"ಇಷ್ಟು ವರ್ಷ ಯಾರಿಗೂ ಹೇಳಲೇ ಇಲ್ವಲ್ಲ ಅಜ್ಜಿ?"

"ಯಾರು ಕೇಳಿದ್ರು? ಬಂದೋರೆಲ್ಲಾ ನನ್ನ ಬಟಾಣಿ ಸೂಪು ಮಾಡೋದು ಹ್ಯಾಗೆ ಅಂತಾನೇ ಕೇಳೋರು!"

ಹೆಸ್ಸೆಲ್ ಅಜ್ಜಿಯ ಎರಡೂ ಕೆನ್ನೆಗೆ ಮುತ್ತು ಕೊಟ್ಟು ಓಡಿದ. ಅವನಿಗೆ ಹುಚ್ಚೇ ಹಿಡಿದಂತಾಗಿತ್ತು. ಆರು ಮನೆಯಲ್ಲಿ ಯಾರೂ ಗೆಲ್ಲಲಿಲ್ಲ, ಆದ್ದರಿಂದ ಯಾರೂ ಸೋಲಲಿಲ್ಲ! ದಾರಿಯುದ್ದಕ್ಕೂ ಹಾರ್ನ್ ಬಾರಿಸುತ್ತ, ತಾನೇ ಗಂಟಲು ಬಿಟ್ಟು ನೋಹನ ನಾವೆಯ ಹಾಡು ಹೇಳುತ್ತ ಬಂದ. ಇನ್ನು ಈ ದರಿದ್ರ ಬಸ್ಸನ್ನು ಮುಟ್ಟುವ ಹಾಗಿಲ್ಲವಲ್ಲ ಎಂಬ ಸಂತೋಷದಲ್ಲಿ ಅದರ ಸ್ಟಿಯರಿಂಗನ್ನೂ ಎರಡು ಸಲ ತಟ್ಟಿದ.

ಸಂಜೆ ಶಾಲೆಯ ಸಭಾಂಗಣದಲ್ಲಿ ಮುನ್ನೂರು ಜನ. ಹ್ಯಾಮ್ ಬನ್ನು, ಬಟಾಣಿ ಸೂಪು, ಹದಿನಾಲ್ಕು ಬಗೆಯ ಪೈ. ಮೊದಲ ಸಾಲಿನಲ್ಲಿ ಆರು ಮನೆತನದವರು ಕೂತಿದ್ದರು, ಒಂದೊಂದು ಮನೆಯವರ ಮಡಿಲಲ್ಲೂ ಒಂದೊಂದು ಸಲಿಕೆ.

ಹೆಸ್ಸೆಲ್ ವೇದಿಕೆ ಹತ್ತಿದ. ಜಗಳ, ಹಸಿದ ಮಕ್ಕಳು, ಒಡೆಯಲಿದ್ದ ಹಾಲು, ಯಾವುದನ್ನೂ ಬಿಡದೆ ಕೈಕಾಲು ಆಡಿಸಿ ಹೇಳಿದ. "ನಮ್ಮ ಶಾಲೆಗೆ ಮೊದಲ ಸಲಿಕೆ ಹಾಕಿದ್ದು ಯಾವ ಮನೆತನವೂ ಅಲ್ಲ. ಒಬ್ಬ ಡ್ರೈವರ್ರು!"

ವೆಲ್ಡ್‌ಕಾಂಪ್ ಸಿಟ್ಸೆಯ ಮುಖ ನೋಡಿದ. ಸಿಟ್ಸೆ ಗ್ರೀಟಳ ಮುಖ ನೋಡಿದ. ನಿಧಾನವಾಗಿ ಮೂವರ ಮುಖವೂ ಅರಳಿತು.

"ನಮ್ಮ ಅಜ್ಜ ಅಲ್ಲದಿದ್ರೆ ಹೋಗ್ಲಿ ಬಿಡ್ರೀ," ಎಂದು ಗ್ರೀಟ್ ಗಂಡನ ಕಿವಿಯಲ್ಲಿ ಊದಿದಳು, "ಅವರ ಅಜ್ಜನೂ ಅಲ್ವಲ್ಲ!"

ಚಪ್ಪಾಳೆ ಸೂರು ಹಾರಿಸುವಂತೆ ಎದ್ದಿತು. ಯಾರೋ ಕಣ್ಣೊರೆಸಿಕೊಂಡರು. ವೆಲ್ಡ್‌ಕಾಂಪ್ ಎದ್ದು ನಿಂತ.

"ಅಂದಮೇಲೆ ಇವತ್ತು ಸಲಿಕೆ ಹಿಡಿಯೋನೂ ಡ್ರೈವರ್ರೇ ಆಗ್ಬೇಕು! ನಮ್ಮ ಹೆಸ್ಸೆಲ್!"

"ಹೌದು, ಹೆಸ್ಸೆಲ್ಲೇ ಸರಿ!" ಆರೂ ಮನೆಯವರು ಒಂದೇ ದನಿಯಲ್ಲಿ ಕೂಗಿದರು. ಊರಿಗೆ ನೆನಪಿದ್ದಂತೆ ಇದೇ ಮೊದಲು.

"ಆದ್ರೆ ಸೋಮವಾರದಿಂದ ನಾನು ಡ್ರೈವರ್..." ಎಂದು ಹೆಸ್ಸೆಲ್ ಬಾಯಿ ತೆರೆದ. ಅಷ್ಟರಲ್ಲಿ ಮುನ್ನೂರು ಜನ ಎದ್ದು ಸ್ತುತಿಗೀತೆ ಶುರು ಮಾಡಿದರು, ಚರ್ಚಿನಲ್ಲಿ ಹಾಡುವ ಹಾಗೆ ನಾಲ್ಕು ದನಿಗಳಾಗಿ ಹಂಚಿಕೊಂಡು. ಅವನ ಮಾತು ಅದರಲ್ಲಿ ಮುಳುಗಿಹೋಯಿತು. ಬೌಸ್ಮಾ ಒದ್ದೆ ಕಣ್ಣಲ್ಲಿ ಅವನನ್ನು ಅಪ್ಪಿಕೊಂಡರು.

"ಆ ಹೊಸ ಡ್ರೈವರ್‌ಗೆ ಬೇಡ ಅಂತ ಈಗಲೇ ಹೇಳಿಬಿಡ್ತೀನಿ ಹೆಸ್ಸೆಲ್. ಇಂಥಾ ಪವಿತ್ರವಾದ ಕೆಲಸದಿಂದ ನಿಮ್ಮನ್ನ ಇಳಿಸಿದ್ರೆ ಈ ಊರು ನನ್ನನ್ನ ಸುಮ್ನೆ ಬಿಡತ್ತಾ? ನೀವು ರಿಟೈರ್ ಆಗೋವರೆಗೂ ಬಸ್ಸು ನಿಮ್ಮದೇ!"

ಹೊಲದಲ್ಲಿ ಆರು ಜನ ಸಾಲಾಗಿ ನಿಂತರು. ನಡುವೆ ಹೆಸ್ಸೆಲ್, ಅಂಗಡಿಯ ಚೀಟಿ ಕೀಳದ ಸಲಿಕೆ ಹಿಡಿದು. ಅವನ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ವಿಲ್ಮಾ ಫೋಟೋ ತೆಗೆದಳು.

ಸೋಮವಾರ ಎಂಟು ಗಂಟೆಗೆ ಬಸ್ಸು ನಿಲ್ಲಿಸಿ ಬಂದ ಹೆಸ್ಸೆಲ್ ನಲ್ಲಿಯ ಹತ್ತಿರ ನಿಂತ. ಹಳೆಯ ಫೋಟೋದ ಪಕ್ಕದಲ್ಲಿ ಹೊಸದು, ಚಿನ್ನದ ಬಣ್ಣದ ಕಟ್ಟಿನಲ್ಲಿ. ಬೇಡ ಬೇಡವೆಂದರೂ ಎಣಿಸಿದ. ಮೇಲೆ ಏಳು ಜನ. ಕೆಳಗೆ ಆರು ಹೆಸರು.

"ವಿಲ್ಮಾ, ನನ್ನ ಹೆಸರೆಲ್ಲಿ?"

"ನಿಮ್ಮದ್ಯಾಕೆ ಮೇಷ್ಟ್ರೆ?" ಎಂದಳು ವಿಲ್ಮಾ, ಟೈಪು ಮಾಡುತ್ತಲೇ. "ಎಲ್ಲರಿಗೂ ಗೊತ್ತಿರೋರೇ ಅಲ್ವಾ? ಬಸ್ಸು ಸ್ವಲ್ಪ ಆಚೆ ನಿಲ್ಲಿಸಿ, ಹಾಲಿನ ಲಾರಿ ಬರೋ ಹೊತ್ತು."