ಎಲ್ಲರಿಗೂ ಪಾಲು, ಪೂರ್ತಿ ಯಾರಿಗೂ ಇಲ್ಲ

ನನ್ನ ಭಾವನ ಮನೆಯಲ್ಲಿ ಹಲ್ಲುಜ್ಜಲಿಕ್ಕೂ ಮಂಜೂರಾತಿ ಬೇಕು ಅಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಅವರ ಊರು ಮೆಲ್ಕಾರಿಗೆ ಬಂದು ಒಮ್ಮೆ ಉಳಿಯಿರಿ, ಬೆಳಿಗ್ಗೆ ಬ್ರಶ್ ಹಿಡಿದು ಅಂಗಳದಲ್ಲಿ ನಿಂತಾಗ ನಂಬುತ್ತೀರಿ!

ಭಾವ ಅಂದರೆ ನನ್ನ ಅಕ್ಕನ ಗಂಡ. ದುಬೈಯ ಒಂದು ಬ್ಯಾಂಕಿನ ಕಂಪ್ಯೂಟರ್ ಕೋಣೆಯಲ್ಲಿ ಕೆಲಸ. ಎಂಥ ಕೆಲಸ ಎಂದು ಕೇಳುವ ತಪ್ಪನ್ನು ನಾನೊಮ್ಮೆ ಮಾಣಿ ಪೇಟೆಯಲ್ಲಿ ಬಸ್ಸಿಗೆ ಕಾಯುವಾಗ ಮಾಡಿದೆ. ಬಸ್ಸು ಬಂತು, ಹೋಯಿತು, ವಿವರಣೆ ಮುಗಿಯಲಿಲ್ಲ. ನನಗೆ ತಿಳಿದದ್ದು ಇಷ್ಟು: ಬ್ಯಾಂಕಿನ ವ್ಯವಹಾರವೆಲ್ಲ ಡಿಸ್ಕುಗಳಲ್ಲಿ ಒಂದು ಕಡೆ, ಅದನ್ನು ಕೇಳುವ ಕಂಪ್ಯೂಟರುಗಳು ಇನ್ನೊಂದು ಕಡೆ, ನಡುವೆ ಸ್ವಿಚ್ಚು ಎಂಬ ಪೆಟ್ಟಿಗೆ. ಪೆಟ್ಟಿಗೆಯ ಮುಖದಲ್ಲಿ ಪೋರ್ಟುಗಳು, ಅಂದರೆ ವೈರು ಚುಚ್ಚುವ ಕಿಂಡಿಗಳು. ನಾಲ್ಕಾರು ಕಿಂಡಿಗೆ ಸೇರಿ ದಾರಿ ಒಂದೇ. ಎಲ್ಲರೂ ಒಟ್ಟಿಗೆ ನುಗ್ಗದಿದ್ದರೆ ಎಲ್ಲರಿಗೂ ಸಾಕು. ಒಬ್ಬನಿಗೆ ದಾರಿ ಪೂರ್ತಿ ಬೇಕಾದರೆ ಪಕ್ಕದ ಕಿಂಡಿಗಳನ್ನು ಬಂದ್ ಮಾಡಬೇಕು. ಈ ಪಾಲು ಹಂಚುವವರೇ ನಮ್ಮ ಭಾವ.

ಸರಿ, ದುಬೈಯಲ್ಲಿ ಹಂಚಲಿ. ರಜೆಯಲ್ಲಿ ಊರಿಗೆ ಬಂದರೆ ಸುಮ್ಮನಿರಬಾರದೇ? ಒಂದು ಕಡೆ ಕೂತುಕೊಳ್ಳುವ ಜನವೇ ಅಲ್ಲ ಅವರು. ಮನೆಯಲ್ಲಿ ಅವರ ಅಮ್ಮ, ತಮ್ಮನ ಸಂಸಾರ, ನನ್ನ ಅಕ್ಕ, ಮಕ್ಕಳು. ಟ್ಯಾಂಕಿಯಿಂದ ಇಳಿಯುವ ಪೈಪು ಮಾತ್ರ ಒಂದು. ಬಂದವರೇ ನಳ್ಳಿಗಳನ್ನೆಲ್ಲ ಗುಂಪು ಮಾಡಿ, ಯಾವಾಗ ಯಾವುದು ತೆರೆಯಬೇಕು ಎಂದು ಕಾನೂನು ಹೊರಡಿಸಿದರು. ಬೆಳ್ತಂಗಡಿಯಿಂದ ಬಂದಿದ್ದ ನನ್ನ ಚಿಕ್ಕಪ್ಪನಿಗೆ ಇದು ಗೊತ್ತಿಲ್ಲ ಪಾಪ. ತಲೆಗೆ, ಮುಖಕ್ಕೆ ಸಾಬೂನು ಹಚ್ಚಿಕೊಂಡಾಗ ನೀರು ನಿಂತಿತು. ಒಳಗಿಂದ ಬೊಬ್ಬೆ. ಭಾವ ಬಾಗಿಲ ಹೊರಗೆ ನಿಂತು, ಆಸ್ಪತ್ರೆಯ ಡಾಕ್ಟರರ ಸಮಾಧಾನದಲ್ಲಿ, "ಗಾಬರಿ ಬೇಡ ಚಿಕ್ಕಪ್ಪ. ಈಗ ಅಡಿಗೆಮನೆಯಲ್ಲಿ ಅಕ್ಕಿ ತೊಳೀತಾ ಇದ್ದಾರೆ. ಅದಾದ ಕೂಡಲೇ ನಿಮ್ಮ ಪಾಲು ಬರ್ತದೆ" ಎಂದರು. ಚಿಕ್ಕಪ್ಪ ಈಗಲೂ ಮೆಲ್ಕಾರಿಗೆ ಹೋಗುತ್ತಾರೆ, ಆದರೆ ಬೆಳ್ತಂಗಡಿಯಲ್ಲೇ ಸ್ನಾನ ಮುಗಿಸಿ.

ಮೂಡುಬಿದಿರೆಯಲ್ಲಿ ನನ್ನ ತಂಗಿಯ ಮದುವೆಯಾದಾಗಿನ ಕತೆ ಇನ್ನೂ ಚಂದ. ಅಡಿಗೆಯ ಕಡೆಯಿಂದ ಊಟದ ಹಾಲಿಗೆ ಇದ್ದದ್ದು ಒಂದು ಇಕ್ಕಟ್ಟಿನ ಬಾಗಿಲು. ಬಡಿಸುವವರು ಡಿಕ್ಕಿ ಹೊಡೆಯುವುದನ್ನು ಕಂಡು ಭಾವನಿಗೆ ತಡೆಯಲಿಕ್ಕಾಗಲಿಲ್ಲ. ಹೋಗಿ ಬಾಗಿಲಲ್ಲಿ ನಿಂತೇಬಿಟ್ಟರು. ಗಂಡಿನ ಕಡೆಯವರಿಗೆ ಏನೂ ಕಡಿಮೆಯಾಗಬಾರದೆಂದು ಪಾಯಸಕ್ಕೆ ದಾರಿ ಪೂರ್ತಿ ಕಾದಿರಿಸಿದರು. ಅನ್ನ, ಸಾರು, ಪಲ್ಯ ಎಲ್ಲ ಒಳಗೇ ಬಂದ್. ಬರೀ ಎಲೆಗೆ ಸುರಿದ ಪಾಯಸ ನಿಲ್ಲುತ್ತದೆಯೇ? ಸೀದಾ ಮದುಮಗನ ಸೋದರಮಾವನ ಬಿಳಿ ಪಂಚೆಗೆ ಹೋಯಿತು! ನನ್ನ ಅಪ್ಪ ಆ ಮಾವನ ಎದುರು ಕೈಮುಗಿದು ನಿಂತದ್ದನ್ನು ನೋಡಿ ಭಾವನ ಮುಖ ಸಣ್ಣದಾಯಿತು. ಆವತ್ತೇ ಶಪಥ ಮಾಡಿದರು, ಇನ್ನು ಮನೆಯ ವಿಷಯದಲ್ಲಿ ಎಲ್ಲರಿಗೂ ಪಾಲು, ಪೂರ್ತಿ ಯಾರಿಗೂ ಇಲ್ಲ ಎಂದು. ಶಪಥ ಗಟ್ಟಿಯಾಗಿಯೇ ನಡೆಯಿತು. ಫೋನು, ಟಿವಿ, ಕೊನೆಗೆ ಫ್ಯಾನಿನ ಕೆಳಗಿನ ಜಾಗವೂ ಪಾಲಾಯಿತು.

ಮುಂದಿನ ಸಲ ಭಾವ ಬಂದದ್ದು ಅವರ ಅಮ್ಮನಿಗೆ ಸ್ಟ್ರೋಕ್ ಆದ ಮೇಲೆ. ಅಮ್ಮ ಚೇತರಿಸಿಕೊಂಡಿದ್ದರು, ಆದರೆ ಮಾತು ಬಹಳ ನಿಧಾನ. ಒಂದು ಶಬ್ದ ಬಂದು ಇನ್ನೊಂದು ಬರುವುದರೊಳಗೆ ಮನೆಮಂದಿಯೆಲ್ಲ ಸೇರಿ ವಾಕ್ಯ ಮುಗಿಸಿ ಬಿಡುತ್ತಿದ್ದರು, ಪ್ರೀತಿಯಿಂದಲೇ. ಭಾವ ಬಂದಂದಿನಿಂದ ಅಮ್ಮ ಅವರ ಕೈ ಹಿಡಿದು "ಚಾ..." ಎಂದು ಶುರುಮಾಡುವುದು, ಅಕ್ಕ ಓಡಿಹೋಗಿ ಚಾ ತರುವುದು. ಅಮ್ಮ ಕುಡಿಯುತ್ತಿದ್ದರು. ಕುಡಿದ ಮೇಲೂ ಮಗನ ಮುಖವನ್ನೇ ನೋಡುತ್ತಿದ್ದರು.

ನಾನೂ ಅಲ್ಲಿದ್ದ ಒಂದು ಸಂಜೆ ಭಾವ ಎದ್ದು ಟಿವಿ ಆರಿಸಿದರು. ಫೋನಿನ ರಿಸೀವರ್ ತೆಗೆದು ಕೆಳಗಿಟ್ಟರು. ಪಂಪು ನಿಲ್ಲಿಸಿದರು. ನಮ್ಮೆಲ್ಲರನ್ನೂ ಅಂಗಳಕ್ಕೆ ಕಳಿಸಿದರು.

"ಇದೆಂಥದ್ದು ಮಾರಾಯ್ರೆ, ನಿಮ್ಮ ಕಾನೂನು ಎಲ್ಲಿ ಹೋಯಿತು?" ಎಂದೆ.

"ಇವತ್ತು ದಾರಿ ಪೂರ್ತಿ ಅಮ್ಮನಿಗೆ" ಎಂದು ಹೇಳಿ ಒಳಗೆ ಹೋಗಿ ಅಮ್ಮನ ಮಂಚದ ಪಕ್ಕ ಕೂತರು.

ಕಿಟಕಿ ತೆರೆದೇ ಇತ್ತು. ಅಮ್ಮ "ಚಾ..." ಎಂದರು. ಅಭ್ಯಾಸಬಲ ನೋಡಿ, ಅಕ್ಕ ಹಿಂಬಾಗಿಲಿಂದ ಹೋಗಿ ಗ್ಲಾಸು ತುಂಬಿಸಿ ತಂದು ಕಿಟಕಿಯ ಹತ್ತಿರ ನಿಂತಾಗಿತ್ತು. ಭಾವ ಅಲ್ಲಾಡಲಿಲ್ಲ. ಅಮ್ಮನ ತುಟಿ ನೋಡುತ್ತಾ ಸುಮ್ಮನೆ ಕಾದರು. ಎಷ್ಟೋ ಹೊತ್ತಾದ ಮೇಲೆ ಅಮ್ಮ ತುಳುವಿನಲ್ಲಿ, ಒಂದೊಂದೇ ಶಬ್ದವಾಗಿ ಮುಗಿಸಿದರು.

"ಚಾ... ಬೊಡ್ಚಿ. ಈ... ಕುಲ್ಲು."

ಚಾ ಬೇಡವಂತೆ. ನೀನು ಕೂತುಕೋ ಅಂತೆ. ಇಷ್ಟು ದಿನವೂ ಅಮ್ಮ ಹೇಳಲಿಕ್ಕೆ ನೋಡಿದ್ದು ಅಷ್ಟೇ.

ಕೂತೇ ಇದ್ದ ಭಾವ ಇನ್ನಷ್ಟು ಹತ್ತಿರ ಸರಿದು ಕೂತರು. ಅಕ್ಕ ಕೈಯಲ್ಲಿದ್ದ ಚಾವನ್ನು ನನಗೆ ಕೊಟ್ಟು ಆಚೆ ತಿರುಗಿದಳು.