ಯಾರೂ ಸಾಯದ ಪುಸ್ತಕ ಇದೆಯಾ ಸಾರ್?

ನಾನು ಮೊದಲಿನಿಂದಲೂ ಹೆದರುವ ಹೆಂಗಸು. ಹೆದರುವವರ ಮನೆಗೇ ಹೆದರಿಸುವ ಸಂಗತಿಗಳು ವಿಳಾಸ ಕೇಳಿಕೊಂಡು ಬರುತ್ತವೆ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ವಾಪಸ್ ಓಡಿದ್ದಕ್ಕೆ ಲೆಕ್ಕವಿಲ್ಲ. ಆದರೆ ಕಳೆದ ವರ್ಷ ನನ್ನ ನೆಮ್ಮದಿ ಕೆಡಿಸಿದ್ದು ಗ್ಯಾಸಲ್ಲ, ಒಂದು ಮೊಲ.

ಮಗಳು ಎರಡನೇ ಕ್ಲಾಸು. ಆಗಷ್ಟೇ ಅಕ್ಷರ ಕೂಡಿಸಿಕೊಂಡು ತಾನೇ ಓದಲು ಶುರು ಮಾಡಿದ್ದಳು. ನಾನೇ ಪ್ರೀತಿಯಿಂದ ಒಂದು ಮೊಲದ ಪುಸ್ತಕ ತಂದುಕೊಟ್ಟೆ. ರಟ್ಟಿನ ಮೇಲೆ ಮೊಲ ನಗುತ್ತಿತ್ತು. ಒಳಗೆ ಹೋದರೆ ಅದನ್ನು ನರಿ ತಿಂದುಬಿಟ್ಟಿತು. ಮಗಳು ಪುಸ್ತಕ ಮುಚ್ಚಿದಳು, ಅದರ ಮೇಲೆ ರಾಗಿ ಬೀಸುವ ಕಲ್ಲಿನ ಗೂಟ ಇಟ್ಟಳು, "ಇನ್ನು ನರಿ ಆಚೆ ಬರಲ್ಲ" ಅಂದಳು. ಅಲ್ಲಿಂದಾಚೆ ಯಾವ ಪುಸ್ತಕವನ್ನೂ ಮುಟ್ಟಲಿಲ್ಲ. ಸ್ಕೂಲಿನ ಮಿಸ್ ನನ್ನನ್ನು ಕರೆಸಿ, "ಅಕ್ಷರ ಎಲ್ಲಾ ಬರುತ್ತೆ ಮೇಡಂ, ಪುಸ್ತಕ ಕೊಟ್ರೆ ಮಾತ್ರ ದೂರ ಹೋಗ್ತಾಳೆ. ಈಗ ಬಿಟ್ಟುಹೋದ್ರೆ ಮತ್ತೆ ಹಿಡಿಸೋದು ಕಷ್ಟ" ಎಂದರು. ಒಂದು ನರಿಯಿಂದಾಗಿ ನನ್ನ ಮಗಳು ಜನ್ಮಪೂರ್ತಿ ಓದದೆ ಉಳಿದುಬಿಟ್ಟರೆ?

ಅವತ್ತಿನಿಂದ ನಾನು ಸೌಮ್ಯವಾದ ಪ್ರಾಣಿಗಳನ್ನು ಹುಡುಕುತ್ತಾ ಹೊರಟೆ.

೧. ಹಸುವಿನ ಚಿತ್ರ

ಮೊದಲು ನಮ್ಮೂರು ಶಿಡ್ಲಘಟ್ಟದ ಲೈಬ್ರರಿಗೇ ಹೋದೆ. ಅಲ್ಲಿದ್ದವರು ಪೇಪರ್ ಓದುತ್ತಾ ಕೂತಿದ್ದರು.

"ಸಾರ್, ಮಕ್ಕಳಿಗೆ ಪ್ರಾಣಿ ಕಥೆ ಬೇಕಿತ್ತು. ಯಾರೂ ಸಾಯಬಾರದು."

ಅವರು ಕನ್ನಡಕ ಕೆಳಗಿಳಿಸಿ ನನ್ನನ್ನು ನೋಡಿದರು. "ಮನುಷ್ಯರು ಸಾಯಬಹುದಾ?"

"ಬೇಡ ಸಾರ್. ಯಾರೂ ಬೇಡ. ಯಾರೂ ಯಾರನ್ನೂ ತಿನ್ನಲೂಬಾರದು."

"ಮೇಡಂ, ನಾನು ಪುಸ್ತಕ ಜೋಡಿಸ್ತೀನಿ ಅಷ್ಟೆ. ಒಳಗಡೆ ಯಾರ್ಯಾರು ಏನೇನ್ ಮಾಡ್ಕೊಂಡಿದಾರೋ ನಂಗೇನ್ ಗೊತ್ತು?" ಎಂದವರು, ಪಾಪ, ಎದ್ದು ಹೋಗಿ ಮೂಲೆಯಿಂದ ಒಂದು ಪುಸ್ತಕ ತಂದರು. ರಟ್ಟಿನ ಮೇಲೆ ದುಂಡುದುಂಡಗೆ ಒಂದು ಸೀಮೆಹಸು, ಪಕ್ಕದಲ್ಲಿ ಕರು. ನನಗೆ ಆಫೀಸಿಗೆ ಹೊತ್ತಾಗಿತ್ತು. ಸಹಕಾರ ಸಂಘದಲ್ಲಿ ಗುಮಾಸ್ತೆ ನಾನು, ಐದು ನಿಮಿಷ ತಡವಾದರೆ ಸೆಕ್ರೆಟರಿ ಗಡಿಯಾರದ ಕೆಳಗೇ ನಿಂತಿರುತ್ತಾರೆ. ಒಳಗೆ ತೆರೆದು ನೋಡದೆ ತಂದೆ.

ಸಂಜೆ ಮಗಳು ಪುಸ್ತಕ ಹಿಡಿದು ಕೂತಿದ್ದಳು! ಸಂತೋಷಕ್ಕೆ ನನ್ನ ಕಣ್ಣು ತುಂಬಿತು.

"ಹೇಗಿದೆ ಚಿನ್ನಾ ಕಥೆ?"

"ಚೆನ್ನಾಗಿದೆ ಅಮ್ಮ. ಇದರಲ್ಲಿ ಯಾರೂ ಸಾಯಲ್ಲ. ಎಲ್ಲರಿಗೂ ಭೇದಿ ಅಷ್ಟೆ."

ಅದು ಹೈನುಗಾರರಿಗಾಗಿ ಬರೆದ ರೋಗಗಳ ಕೈಪಿಡಿ. ಕಿತ್ತುಕೊಂಡು ಎತ್ತಿಟ್ಟೆ. ಆದರೂ ಮಾರನೇ ದಿನ ಮಗಳು ಹಾಲು ಹಾಕುವ ಹೆಂಗಸನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು, "ನಿಮ್ಮ ಹಸು ಸಗಣಿ ಗಟ್ಟಿಗಿದೆಯಾ?" ಎಂದು ವಿಚಾರಿಸುತ್ತಿದ್ದಳು.

೨. ಹುಲಿಯ ಶನಿವಾರ

ಪುಸ್ತಕದ ಸಹವಾಸ ಬೇಡ, ಮೊದಲು ಬಾಯಿಕಥೆಯಿಂದ ಮಗುವಿಗೆ ಧೈರ್ಯ ಬರಲಿ ಎಂದು ಅತ್ತೆಯ ಮೊರೆ ಹೋದೆ. ಅತ್ತೆಯ ತವರು ಆಂಧ್ರದ ಗಡಿಯಲ್ಲಿ. ಕನ್ನಡದಲ್ಲಿ ಶುರುವಾದ ಅವರ ಕಥೆ ತೆಲುಗಿನಲ್ಲಿ ಮುಗಿಯುತ್ತದೆ, ಮುಗಿಯುವಾಗ ಒಬ್ಬರಾದರೂ ಹೊಟ್ಟೆಯೊಳಗೆ ಹೋಗಿರುತ್ತಾರೆ.

"ಅತ್ತೆ, ಹುಲಿ ಬಂದರೂ ಪರವಾಗಿಲ್ಲ. ತಿನ್ನಬಾರದು, ಅಷ್ಟೆ."

"ಅಯ್ಯೋ ದೇವುಡಾ! ತಿನ್ನದೆ ಇರೋ ಹುಲಿ ಕಥೆಗ್ಯಾಕೆ ಬರ್ಬೇಕಮ್ಮಾ?" ಎಂದು ಗೊಣಗುತ್ತಲೇ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. ನಾನು ಅಡುಗೆಮನೆಯಲ್ಲಿ ಕಿವಿ ನಿಮಿರಿಸಿ ನಿಂತೆ.

"ಒಂದು ಮೇಕೆ ಇತ್ತಂತೆ. ಸೊಪ್ಪು ಮೇಯ್ತಾ ಮೇಯ್ತಾ ಕಾಡೊಳಕ್ಕೆ ಹೋಯ್ತಂತೆ. ಎದುರಿಗೆ ಹುಲಿ ಬಂತಂತೆ. ಬಂದು..."

ನಾನು ಜೋರಾಗಿ ಕೆಮ್ಮಿದೆ.

"...ಬಂದು, ಚೆನ್ನಾಗಿದೀಯೇನಮ್ಮಾ ಅಂತಂತೆ."

"ಹುಲಿಗೆ ಹಸಿವಾಗಿರಲಿಲ್ವಾ ಅಜ್ಜಿ?"

"ಆಗಿತ್ತು ಕಣಮ್ಮ. ಆದ್ರೆ ಅವತ್ತು ಶನಿವಾರ. ಹುಲಿ ಒಪ್ಪತ್ತು ಮಾಡ್ತಿತ್ತು."

ಅತ್ತೆಯ ಬುದ್ಧಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ನಮ್ಮ ಮನೆಯಲ್ಲೂ ಶನಿವಾರ ಒಪ್ಪತ್ತು. ಮಗುವಿಗೆ ಅದು ಗೊತ್ತಿರುವ ವಿಷಯ, ಒಪ್ಪಿಕೊಂಡಳು. ಒಂದು ಗಳಿಗೆ ಎಲ್ಲ ಶಾಂತವಾಗಿತ್ತು. ಆಮೇಲೆ ಧಡಕ್ಕನೆ ನೆಟ್ಟಗೆ ಕೂತಳು.

"ಅಜ್ಜಿ! ಹಾಗಾದ್ರೆ ಮಾರನೇ ದಿನ ಭಾನುವಾರ! ಮೇಕೆಗೆ ಓಡೋಕೆ ಹೇಳು! ಈಗಲೇ ಓಡೋಕೆ ಹೇಳು!"

ಮೇಕೆ ಊರು ಸೇರಿತು, ಕೊಟ್ಟಿಗೆಗೆ ಹೋಯಿತು, ಬಾಗಿಲಿಗೆ ಬೀಗ ಬಿತ್ತು ಎಂದು ಅತ್ತೆ ತಲೆಮುಟ್ಟಿ ಆಣೆ ಮಾಡುವ ತನಕ ಮಗಳು ಊಟಕ್ಕೆ ಏಳಲಿಲ್ಲ. ಮಾರನೇ ದಿನ ಭಾನುವಾರ ಕೋಳಿ ಸಾರನ್ನು ಮಾತ್ರ ಎರಡು ಸಲ ಹಾಕಿಸಿಕೊಂಡಳು. ಆ ವಿಷಯವಾಗಿ ಮನೆಯಲ್ಲಿ ಯಾರೂ ತುಟಿ ಬಿಚ್ಚಲಿಲ್ಲ.

೩. ಚಿಂತಾಮಣಿ ಬಸ್ಸು

ನನ್ನ ತವರು ಚಿಂತಾಮಣಿ. ಅಲ್ಲಿಗೆ ಹೋದಾಗ ನಮ್ಮತ್ತಿಗೆ ಒಂದು ಚೆಂದದ ಚಿತ್ರದ ಪುಸ್ತಕ ಕೊಟ್ಟಳು. ಈ ಸಲ ನಾನು ಮೋಸಹೋಗಲಿಲ್ಲ, ಮೊದಲೇ ಓದಿದೆ. ಎಲ್ಲ ಚೆನ್ನಾಗಿತ್ತು, ಒಂದು ಕಡೆ ಮಾತ್ರ ತೋಳ ಕುರಿಮರಿಯನ್ನು ತಿನ್ನುತ್ತಿತ್ತು. ಒಂದು ಮಾತಿಗಾಗಿ ಇಡೀ ಪುಸ್ತಕ ಬಿಡುವುದೇ? 'ತಿಂದಿತು' ಎನ್ನುವುದರ ಮೇಲೆ ಬಿಳಿ ಕಾಗದ ಅಂಟಿಸಿ, ಅಚ್ಚಿನಂಥ ಅಕ್ಷರದಲ್ಲಿ 'ತಬ್ಬಿಕೊಂಡಿತು' ಎಂದು ಬರೆದೆ.

ವಾಪಸ್ ಬರುವ ಬಸ್ಸು ತುಂಬಿತ್ತು. ಮುರುಗಮಲ್ಲದ ದರ್ಗಾಕ್ಕೆ ಹೋಗಿಬಂದ ಒಂದು ಮನೆಯವರು ನಮ್ಮ ಸುತ್ತಮುತ್ತ ಕೂತಿದ್ದರು. ಮಗಳು ಪುಸ್ತಕ ಕೇಳಿ ತೆಗೆದುಕೊಂಡಳು. ಸ್ಕೂಲಿನಲ್ಲಿ ಓದಿಸುವ ಹಾಗೆ ಗಟ್ಟಿಯಾಗಿ, ರಾಗವಾಗಿ ಓದತೊಡಗಿದಳು. ಪಕ್ಕದ ಮುದುಕಿ "ಶಾಬಾಶ್ ಬೇಟಿ" ಎಂದು ಅವಳ ಬೆನ್ನು ತಟ್ಟಿದಳು. ನಾನು ಹೆಮ್ಮೆಯಿಂದ ಕಿಟಕಿಯಾಚೆ ನೋಡುತ್ತಾ ಕೂತೆ.

"ತೋಳ ಕುರಿಮರಿಯ ಹತ್ತಿರ ಬಂದಿತು. ಅದನ್ನು ಗಬಕ್ಕನೆ ತಬ್ಬಿಕೊಂಡಿತು."

ಹಾಳೆ ತಿರುವಿದಳು.

"ಮೂಳೆಗಳು ಮಾತ್ರ ಉಳಿದವು."

ಹಿಂದಿನ ಪುಟಕ್ಕೆ ಕಾಗದ ಅಂಟಿಸುವ ಭರದಲ್ಲಿ ನಾನು ಮುಂದಿನ ಪುಟದ ಆ ಸಾಲನ್ನು ಬಿಟ್ಟೇಬಿಟ್ಟಿದ್ದೆ. ಮಗಳು ಕಣ್ಣರಳಿಸಿ ನನ್ನ ಕಡೆ ತಿರುಗಿದಳು.

"ಅಮ್ಮಾ, ಎಷ್ಟು ಜೋರಾಗಿ ತಬ್ಬಿಕೊಳ್ತು?"

ಕಂಡಕ್ಟರು ಟಿಕೆಟ್ ಹರಿಯುವುದನ್ನು ನಿಲ್ಲಿಸಿ, "ಏನ್ ಮೇಡಂ, ಮಕ್ಕಳಿಗೆ ಎಂಥೆಂಥಾ ಬುಕ್ ಕೊಡ್ತೀರಾ" ಎಂದ. ಮುದುಕಿ ಬೆನ್ನಿನ ಮೇಲಿದ್ದ ಕೈ ತೆಗೆದಳು. ಶಿಡ್ಲಘಟ್ಟ ಬರುವ ತನಕ ನಾನು ತಲೆ ಎತ್ತಲಿಲ್ಲ. ಮನೆಗೆ ಬಂದು ಸಮಾಧಾನ ಮಾಡೋಣವೆಂದು ಮಗಳನ್ನು ತಬ್ಬಿಕೊಳ್ಳಲು ಹೋದರೆ, ಅವಳು ಹಿಂದಕ್ಕೆ ಸರಿದು ಅಜ್ಜಿಯ ಸೆರಗಿನಲ್ಲಿ ಅವಿತುಕೊಂಡಳು.

೪. ಯಾರಿಗೂ ತೊಂದರೆ ಕೊಡದ ಪ್ರಾಣಿ

ಆಗ ನನಗೆ ನಿಜವಾಗಿಯೂ ಅಳು ಬಂತು. ಪುಸ್ತಕವೂ ಹೋಯಿತು, ಅಮ್ಮನ ಮೇಲಿದ್ದ ನಂಬಿಕೆಯೂ ಹೋಯಿತು. ಕೊನೆಗೆ ಒಂದು ನಿರ್ಧಾರಕ್ಕೆ ಬಂದೆ. ನಾನೇ ಕಥೆ ಬರೆಯುತ್ತೇನೆ.

ಯಾರ ಕಥೆ? ನಾಯಿ ಕಚ್ಚುತ್ತದೆ. ಬೆಕ್ಕು ಇಲಿ ಹಿಡಿಯುತ್ತದೆ. ಗುಬ್ಬಿ ಹುಳ ತಿನ್ನುತ್ತದೆ. ಹುಳ! ರೇಷ್ಮೆ ಹುಳ! ದಿಬ್ಬೂರಹಳ್ಳಿಯ ಕಡೆ ನಮ್ಮ ಭಾವನವರು, ಅಂದರೆ ಮಗಳ ದೊಡ್ಡಪ್ಪ, ಹುಳ ಸಾಕುತ್ತಾರೆ. ಲೋಕದಲ್ಲಿ ಅದಕ್ಕಿಂತ ಸಾಧು ಪ್ರಾಣಿ ಇದೆಯೇ? ಸೊಪ್ಪು ಬಿಟ್ಟು ಬೇರೇನೂ ತಿನ್ನದು, ಕಚ್ಚದು, ಬೊಗಳದು. ಒಂದೇ ಉಸಿರಿಗೆ ಬರೆದುಮುಗಿಸಿದೆ. ಪುಟ್ಟಿ ಎಂಬ ಹುಳ ಸೊಪ್ಪು ತಿಂದಿತು, ಮಲಗಿತು, ಎದ್ದಿತು, ಮತ್ತೆ ತಿಂದಿತು. ದೊಡ್ಡದಾಯಿತು. ಬಂಗಾರದ ಬಣ್ಣದ ಪುಟ್ಟ ಮನೆ ಕಟ್ಟಿಕೊಂಡು ಒಳಗೆ ಬೆಚ್ಚಗೆ ಮಲಗಿತು. ಕಥೆ ಮುಗಿಯಿತು. ಅದರಾಚೆ ಒಂದಕ್ಷರ ಬರೆಯಲಿಲ್ಲ. ಯಾಕೆ ಬರೆಯಲಿಲ್ಲ ಎಂದು ಶಿಡ್ಲಘಟ್ಟದವರಿಗೆ ಬಿಡಿಸಿ ಹೇಳಬೇಕಿಲ್ಲ. ಗೂಡನ್ನು ಬಿಸಿನೀರಿಗೆ ಹಾಕಿ ಬೇಯಿಸದೆ ನೂಲು ಬರುವುದಿಲ್ಲ, ಒಳಗೆ ಮಲಗಿದ ಪುಟ್ಟಿ ಎದ್ದು ಆಚೆ ಬರುವುದೂ ಇಲ್ಲ. ಬೆಂದ ಗೂಡಿನ ನಾತ ಹೊತ್ತ ನಮ್ಮೂರಿನ ಗಾಳಿಯೇ ಅದನ್ನು ಹೇಳುತ್ತದೆ.

ಮಗಳು ಓದಿದಳು. ಮತ್ತೆ ಓದಿದಳು. ಶಾಲೆಯಿಂದ ಬಂದವಳೇ ಅದನ್ನು ಹಿಡಿದು ಕೂರುತ್ತಿದ್ದಳು. ರಜೆಯಲ್ಲಿ ದೊಡ್ಡಪ್ಪನ ಮನೆಗೂ ತೆಗೆದುಕೊಂಡು ಹೋದಳು. ಹುಳದ ಮನೆ ಎಂದರೆ ಭಾವನವರಿಗೆ ದೇವರಕೋಣೆ. ಚಪ್ಪಲಿ ಆಚೆ, ಕಾಲು ತೊಳೆಯಬೇಕು, ಹೂವು ಪೌಡರಿನ ವಾಸನೆ ಇರಬಾರದು, ಗಟ್ಟಿಯಾಗಿ ಮಾತಾಡಬಾರದು. ಮಗಳು ಎಲ್ಲವನ್ನೂ ಪಾಲಿಸಿ, ತಟ್ಟೆಗಳ ಮುಂದೆ ನಿಂತು, ಹುಳಗಳಿಗೆ ಪಿಸುದನಿಯಲ್ಲಿ ಅವುಗಳದೇ ಕಥೆ ಓದಿ ಹೇಳಿದಳು. ಭಾವನವರು ನನಗೆ ಫೋನ್ ಮಾಡಿ, "ಇವಳು ಓದಕ್ ಶುರು ಮಾಡಿದ್ಮೇಲೆ ಹುಳ ಏನ್ ಮೇಯ್ತವೆ ಅಂತೀಯಾ! ಮುಂದಿನ ಬೆಳೆಗೂ ಕಳಿಸಮ್ಮ" ಎಂದರು.

ಗೂಡು ಬಿಡಿಸುವ ದಿನ ನಾನೂ ಅಲ್ಲಿದ್ದೆ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಭಾವನವರಿಗೆ ಕಣ್ಣಲ್ಲೇ ಹತ್ತು ಸಲ ಎಚ್ಚರಿಸಿದ್ದೆ.

"ದೊಡ್ಡಪ್ಪ, ಪುಟ್ಟೀನ ಎಲ್ಲಿಗೆ ಕರ್ಕೊಂಡ್ ಹೋಗ್ತೀರಾ?"

"ಶಿಡ್ಲಘಟ್ಟದ ಮಾರ್ಕೆಟ್ಟಿಗೆ."

"ಆಮೇಲೆ?"

ಭಾವನವರು ನನ್ನನ್ನು ನೋಡಿದರು. ಬೆವರಿದರು. ಹೆಗಲ ಟವೆಲ್ ತೆಗೆದು ಮುಖ ಒರೆಸಿಕೊಂಡರು.

"ಆಮೇಲೆ ಬಿಸಿನೀರು ಸ್ನಾನ ಮಾಡಿಸ್ತಾರಮ್ಮ."

ಮಗಳು ಗೂಡಿನ ಮೂಟೆ ಮುಟ್ಟಿ ನೋಡಿದಳು. "ತಲೆಗೂ ಹಾಕ್ತಾರಾ?"

"ಪೂರ್ತಿ ಹಾಕ್ತಾರೆ" ಎಂದು ಭಾವನವರು ಮೂಟೆ ಹೊತ್ತುಕೊಂಡು ತಿರುಗಿ ನೋಡದೆ ಹೊರಟೇಬಿಟ್ಟರು.

೫. ಕಿಟಕಿ

ಸ್ಕೂಲಿನಲ್ಲಿ ಮಿಸ್ ಒಂದು ದಿನ ಗೊತ್ತು ಮಾಡಿದರು. ಪ್ರತಿ ಮಗುವೂ ಮನೆಯಿಂದ ಒಂದು ಕಥೆ ತಂದು ಎಲ್ಲರ ಮುಂದೆ ಓದಬೇಕು. ಮಗಳು ಪುಟ್ಟಿಯ ಕಥೆಯನ್ನೇ ಓದುತ್ತೇನೆಂದು ಹಟ ಹಿಡಿದಳು. ನನಗೆ ಅನ್ನ ಇಳಿಯಲಿಲ್ಲ. ಅವಳ ಕ್ಲಾಸಿನಲ್ಲಿ ಅರ್ಧಕ್ಕರ್ಧ ಮಕ್ಕಳು ನೂಲು ತೆಗೆಯುವವರ ಮನೆಯವರು. ಯಾವುದಾದರೂ ಒಂದು ಮಗು ಬಾಯಿಬಿಟ್ಟರೆ ಮುಗಿಯಿತು, ಇವಳು ಮತ್ತೆ ಯಾವತ್ತೂ ಪುಸ್ತಕ ಮುಟ್ಟುವುದಿಲ್ಲ.

ಸೆಕ್ರೆಟರಿಯ ಮುಂದೆ ಹೋಗಿ ಅರ್ಧ ದಿನ ರಜೆ ಕೇಳಿದೆ.

"ಯಾರಿಗೆ ಹುಷಾರಿಲ್ಲ?"

"ಒಂದು ಹುಳಕ್ಕೆ ಸಾರ್" ಎಂದು ಬಾಯಿತಪ್ಪಿ ಬಂದುಬಿಟ್ಟಿತು. ಅವರು ನನ್ನ ಮುಖ ನೋಡಿ ಸಹಿ ಹಾಕಿದರು.

ಕ್ಲಾಸಿನ ಕಿಟಕಿಯ ಸರಳು ಹಿಡಿದು ಆಚೆ ನಿಂತೆ. ಮಗಳು ಎದ್ದಳು. ಒಂದು ಕಡೆಯೂ ತಡವರಿಸದೆ, ಬೆರಳಿಟ್ಟುಕೊಳ್ಳದೆ, ನೀರು ಕುಡಿದ ಹಾಗೆ ಓದಿದಳು. ಮಿಸ್ ಮುಖ ಅರಳಿತು. ಹೀಗೆ ಓದುವ ಮಗಳನ್ನು ನೋಡಲು ನಾನು ಎಷ್ಟು ಒದ್ದಾಡಿದ್ದೆ!

"ಪುಟ್ಟಿ ಬಂಗಾರದ ಮನೆಯೊಳಗೆ ಬೆಚ್ಚಗೆ ಮಲಗಿತು."

ಚಪ್ಪಾಳೆ ಬಿತ್ತು. ಅಷ್ಟರಲ್ಲಿ ಮುಂದಿನ ಬೆಂಚಿನಿಂದ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. "ಆಮೇಲೆ ಬೇಯಿಸ್ತಾರೆ ಮಿಸ್!"

"ಹೌದು ಮಿಸ್, ನಮ್ಮನೇಲೂ ದಿನಾ ಬೇಯಿಸ್ತಾರೆ!"

"ನಮ್ಮನೇಲಿ ದೊಡ್ಡ ಮೆಷಿನ್ ಐತೆ ಮಿಸ್!"

ಕ್ಲಾಸಿಗೆ ಕ್ಲಾಸೇ ಎದ್ದು ಕೂಗತೊಡಗಿತು. ನಾನು ಸರಳನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿದೆ. ಮಗಳ ಅಳು ಕೇಳಿಸಲಿಲ್ಲ. ಕಣ್ಣು ತೆರೆದರೆ ಅವಳು ಎರಡೂ ಕೈ ಮೇಲೆತ್ತಿ ಎಲ್ಲರನ್ನೂ ಸುಮ್ಮನಾಗಿಸುತ್ತಿದ್ದಳು.

"ಶ್! ಮೆಲ್ಲಗೆ ಹೇಳ್ರೇ, ನಂಗೊತ್ತು. ಅಲ್ಲಿ ಕಿಟಕಿ ಹತ್ರ ನಮ್ಮಮ್ಮ ನಿಂತಿದಾಳೆ. ಅವಳಿಗಿನ್ನೂ ಗೊತ್ತಿಲ್ಲ. ಗೊತ್ತಾದ್ರೆ ಕಥೆ ಬರೆಯೋದೇ ಬಿಟ್ಬಿಡ್ತಾಳೆ."